ಒಂದೇ ಕ್ಲಾಸಿಗೆ ಸಮಯ ಇದ್ದರೆ ಯಾವುದು? ಬೇ ಏರಿಯಾ ಕಮ್ಯುನಿಟಿ ಕಾಲೇಜಿನಲ್ಲಿ ಕಲೆ, ವಿಜ್ಞಾನ, ಎತ್ನಿಕ್ ಸ್ಟಡೀಸ್

ಹೋದ ಫಾಲ್‌ನಲ್ಲಿ (ಶರತ್ಕಾಲದ ಟರ್ಮ್‌ನಲ್ಲಿ) ಮಗಳಿಗೆ ಒಂದೇ ಒಂದು ಕಾಲೇಜು ಕ್ಲಾಸಿಗೆ ಸಮಯ ಇತ್ತು. ಇಲ್ಲಿ ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ ಕ್ಲಾಸಿಗೆ ಸೇರಬಹುದು. ಅವಳದು ಹೈಸ್ಕೂಲಿನಲ್ಲಿ ಹನ್ನೊಂದನೇ ತರಗತಿ. ಜೊತೆಗೆ ಭರತನಾಟ್ಯ. ಭಾನುವಾರ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ. ಉಳಿದದ್ದು ವಾರಕ್ಕೆ ಎರಡು ಸಂಜೆ. ಕಾಲೇಜಿನ ಪಟ್ಟಿಯನ್ನು ಸೋಸಿ ಸೋಸಿ ಕೊನೆಗೆ ಮೂರು ಕ್ಲಾಸು ಉಳಿದವು: ಸಿರಾಮಿಕ್ಸ್ (ಮಣ್ಣಿನ ಪಾತ್ರೆ ಮಾಡುವ ಕಲೆ), ಜನರಲ್ ಕೆಮಿಸ್ಟ್ರಿ, ಏಷ್ಯನ್ ಅಮೆರಿಕನ್ ಸ್ಟಡೀಸ್. ಅವಳಿಗೆ ಮಣ್ಣು ಬೇಕಿತ್ತು. ಅವಳ ಅಪ್ಪನಿಗೆ ಕೆಮಿಸ್ಟ್ರಿ. ನನಗೆ ಮೂರನೆಯದು, ಅಂದರೆ ಅಮೆರಿಕದ ಬೇರೆ ಬೇರೆ ಜನಾಂಗಗಳ ಚರಿತ್ರೆ, ಬದುಕು ಕಲಿಸುವ ಎತ್ನಿಕ್ ಸ್ಟಡೀಸಿನ ಒಂದು ಕವಲು.

ಮೂರು ದಿನ ಊಟದ ಹೊತ್ತಿಗೆ ಇದೇ ಮಾತು. ಆಮೇಲೆ ಗೊತ್ತಾಯಿತು, ನಾವು ಮೂವರೂ ಮೂರು ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆವು. ಅವಳು ತನಗೆ ಏನು ಇಷ್ಟ ಅಂತ ನೋಡುತ್ತಿದ್ದಳು. ಅವರು ಅಡ್ಮಿಷನ್ನಿಗೆ ಯಾವುದು ಉಪಯೋಗ ಅಂತ ನೋಡುತ್ತಿದ್ದರು. ಬೇರೆ ಎಲ್ಲೂ ಸಿಗದ ಪಾಠ ಯಾವುದು ಅನ್ನುವುದು ನನ್ನ ಲೆಕ್ಕ. ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ಯಾರು ಸೇರುತ್ತಿದ್ದಾರೆ, ಯಾತಕ್ಕೆ ಸೇರುತ್ತಿದ್ದಾರೆ ಅನ್ನುವುದು ಮೊದಲು ತೀರ್ಮಾನ ಆಗದಿದ್ದರೆ ಈ ಚರ್ಚೆ ಮುಗಿಯುವುದೇ ಇಲ್ಲ.

ನಾನು ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾದಲ್ಲಿ, ಶಿವಮೊಗ್ಗದಿಂದ ಬಂದವಳು. ಕೆಲಸ ಮಾಡುವ ಹಾಗಿರಲಿಲ್ಲ, ಓದಬಹುದಿತ್ತು. ಆ ವರ್ಷಗಳಲ್ಲಿ ಈ ಮೂರೂ ಬಗೆಯ ಕ್ಲಾಸುಗಳಲ್ಲಿ ಕೂತಿದ್ದೇನೆ. ಈಗ ಮಗಳ ಜೊತೆ ಇನ್ನೊಮ್ಮೆ ಪಟ್ಟಿ ತೆರೆದಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಈ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಇದೇ ಪ್ರಶ್ನೆ ಎದುರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಖರ್ಚು ಮತ್ತು ಕ್ಯಾಲೆಂಡರ್

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಊರಿನಲ್ಲಿರುವವರಿಗೆ ಹೇಳುವುದಾದರೆ, ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಇಲ್ಲಿ ಸಿಗುತ್ತದೆ. ಸೀಟಿಗೆ ಪ್ರವೇಶ ಪರೀಕ್ಷೆ ಇಲ್ಲ, ಕಟ್ಆಫ್ ಇಲ್ಲ. ಹದಿನೇಳರ ಹುಡುಗನ ಪಕ್ಕದ ಕುರ್ಚಿಯಲ್ಲಿ ಅರವತ್ತರ ಅಜ್ಜಿ ಕೂತಿರುತ್ತಾರೆ. ಕ್ಲಾಸಿನ ಗಾತ್ರವನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಸೆಮಿಸ್ಟರಿಗಿಂತ ಚಿಕ್ಕ ಟರ್ಮ್ ಆದ ಕ್ವಾರ್ಟರ್ ಇರುವ ಕಾಲೇಜಿನಲ್ಲಿ ಯೂನಿಟ್ಟಿಗೆ 31 ಡಾಲರ್. ಅಂದರೆ ಮೂರು ಯೂನಿಟ್ಟಿನ ಸೆಮಿಸ್ಟರ್ ಕ್ಲಾಸಿಗೆ 138, ನಾಲ್ಕು ಯೂನಿಟ್ಟಿನ ಕ್ವಾರ್ಟರ್ ಕ್ಲಾಸಿಗೆ 124 ಡಾಲರ್. ಇದರ ಮೇಲೆ ಸಣ್ಣಪುಟ್ಟ ಶುಲ್ಕ, ಪುಸ್ತಕ, ಪಾರ್ಕಿಂಗು. ನಿವಾಸಿ ಅಲ್ಲದವರಿಗೆ ಇದರ ಹಲವು ಪಟ್ಟು. ಎಚ್-1ಬಿ, ಎಚ್-4 ಇರುವವರು ಒಂದು ವರ್ಷ ಒಂದು ದಿನ ಇಲ್ಲಿ ವಾಸ ಇದ್ದು, ಇಲ್ಲೇ ನೆಲೆ ನಿಂತಿದ್ದೇವೆ ಎಂದು ಕಾಗದಪತ್ರ ತೋರಿಸಿದರೆ ನಿವಾಸಿ ದರ ಪಡೆಯಬಹುದು. ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು, ರಾಜ್ಯದ ತೆರಿಗೆ ಪತ್ರ, ಇವನ್ನೆಲ್ಲ ಬಂದ ದಿನದಿಂದಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಹೈಸ್ಕೂಲು ಮಕ್ಕಳು 11 ಯೂನಿಟ್ ಒಳಗೆ ತೆಗೆದುಕೊಂಡರೆ ಬಹಳಷ್ಟು ಕಾಲೇಜುಗಳಲ್ಲಿ ಯೂನಿಟ್ ಶುಲ್ಕವೇ ಇಲ್ಲ.

ಕ್ಯಾಲೆಂಡರ್ ವಿಷಯವನ್ನು ಜನ ಕಡೆಗಣಿಸುತ್ತಾರೆ. ಹಾಗೆ ಮಾಡಬೇಡಿ. ಕ್ಯೂಪರ್ಟಿನೋದ ಡಿ ಆನ್ಜಾ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಒಂದೇ ಜಿಲ್ಲೆಯ ಎರಡು ಕಾಲೇಜುಗಳು. ಎರಡರಲ್ಲೂ 12 ವಾರದ ಕ್ವಾರ್ಟರ್. ಸಾಂಟಾ ಕ್ಲಾರಾದ ಮಿಷನ್, ಸಾರಾಟೋಗಾದ ವೆಸ್ಟ್ ವ್ಯಾಲಿ, ಫ್ರೀಮಾಂಟಿನ ಒಲೋನಿ, ಸ್ಯಾನ್ ಹೋಸೆಯ ಎರಡು ಕಾಲೇಜುಗಳು, ಎಲ್ಲವೂ ಸೆಮಿಸ್ಟರ್. ಕ್ವಾರ್ಟರ್ ಅಂದರೆ ಓಟ. ಎರಡನೇ ವಾರಕ್ಕೆ ಕ್ವಿಜ್, ನಾಲ್ಕನೇ ವಾರಕ್ಕೆ ಮಿಡ್‌ಟರ್ಮ್. ಒಂದು ವಾರ ಜ್ವರ ಬಂದರೆ ಹಿಂದೆ ಬಿದ್ದ ಹಾಗೆ. ಸೆಮಿಸ್ಟರಿನಲ್ಲಿ ಸ್ವಲ್ಪ ಉಸಿರಾಡಲು ಸಮಯ ಇರುತ್ತದೆ. ಓದುವುದು, ಬರೆಯುವುದು ಜಾಸ್ತಿ ಇರುವ ಕ್ಲಾಸನ್ನು ಸೆಮಿಸ್ಟರ್ ಕಾಲೇಜಿನಲ್ಲಿ ಮಾಡುವುದು ಹಿತ. ಚಿತ್ರ ಬಿಡಿಸುವ ಕ್ಲಾಸು ಕ್ವಾರ್ಟರಿನಲ್ಲೂ ಸಲೀಸು. ಇದು ನನ್ನ ಅನುಭವ.

ವಿಜ್ಞಾನ: ಸರಣಿ ಅಂದರೆ ಸರಪಳಿ

ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದು ಇಲ್ಲಿಗೇ. ಕ್ಯಾಲ್ಕುಲಸ್, ಕೆಮಿಸ್ಟ್ರಿ, ಫಿಸಿಕ್ಸ್, ಪ್ರೋಗ್ರಾಮಿಂಗ್. ಇದರಲ್ಲಿ ತಪ್ಪೇನಿಲ್ಲ. ಪಾಠ ಚೆನ್ನಾಗಿರುತ್ತದೆ. ಎದುರಿಗೆ ಮೂವತ್ತು ನಲವತ್ತು ಜನ ಇರುತ್ತಾರೆ, ದೊಡ್ಡ ವಿಶ್ವವಿದ್ಯಾಲಯದ ಹಾಗೆ ಮುನ್ನೂರು ಅಲ್ಲ. ಮೇಷ್ಟ್ರು ಆಫೀಸ್ ಅವರ್‌ನಲ್ಲಿ ನಿಜವಾಗಿ ಸಿಗುತ್ತಾರೆ.

ಆದರೆ ವಿಜ್ಞಾನದ ಕೋರ್ಸು ಒಂಟಿಯಾಗಿ ಬರುವುದಿಲ್ಲ. ಜನರಲ್ ಕೆಮಿಸ್ಟ್ರಿ ಅಂದರೆ ಕ್ವಾರ್ಟರಿನಲ್ಲಿ ಮೂರು ಕೋರ್ಸು, ಸೆಮಿಸ್ಟರಿನಲ್ಲಿ ಎರಡು. ಮೊದಲನೆಯದಕ್ಕೇ ಪೂರ್ವ ಷರತ್ತು ಇರುತ್ತದೆ. ಲ್ಯಾಬಿಗೇ ವಾರಕ್ಕೆ ಆರು ಗಂಟೆ ಹೋಗಬಹುದು. ನಮಗೆ ಪರಿಚಯದ ಹುಡುಗನೊಬ್ಬ ಮೊದಲ ಭಾಗವನ್ನು ಕ್ವಾರ್ಟರ್ ಕಾಲೇಜಿನಲ್ಲಿ ಮುಗಿಸಿ, ಸಮಯ ಹೊಂದುತ್ತದೆ ಅಂತ ಎರಡನೆಯದಕ್ಕೆ ಸೆಮಿಸ್ಟರ್ ಕಾಲೇಜಿಗೆ ಹೋದ. ಅಲ್ಲಿ ಎರಡನೇ ಭಾಗ ಶುರುವಾಗುವುದು ಇವನು ಇನ್ನೂ ನೋಡದ ಅಧ್ಯಾಯಗಳನ್ನು ದಾಟಿ. ಕೊನೆಗೆ ಮೊದಲಿಂದ ಮಾಡಿದ. ಒಂದು ವರ್ಷ ಹೋಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕೆಮಿಸ್ಟ್ರಿ, ಫಿಸಿಕ್ಸ್, ಕ್ಯಾಲ್ಕುಲಸ್ ಸರಣಿಯನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ. ಮುಗಿಸಲು ಆಗುವುದಿಲ್ಲ ಅನ್ನಿಸಿದರೆ ಶುರು ಮಾಡಬೇಡಿ.

ಒಂಟಿಯಾಗಿ ನಿಲ್ಲುವ ವಿಜ್ಞಾನದ ಕೋರ್ಸುಗಳೂ ಇವೆ. ಖಗೋಳ, ಭೂಗರ್ಭ, ಹವಾಮಾನ, ಪರಿಸರ. ಕುತೂಹಲಕ್ಕೆ ಓದುವವರಿಗೆ ಇವೇ ಚೆನ್ನ. ಡಿ ಆನ್ಜಾದ ಆವರಣದಲ್ಲೇ ತಾರಾಲಯ ಇದೆ. ಭೂಕಂಪ ತರುವ ಹೇವರ್ಡ್ ಬಿರುಕಿನ ಪಕ್ಕ ಮನೆ ಮಾಡಿಕೊಂಡು ಭೂಗರ್ಭಶಾಸ್ತ್ರದ ಒಂದು ಕ್ಲಾಸೂ ಕೇಳದೆ ಇರುವುದು ನನಗೆ ನಷ್ಟ ಅನ್ನಿಸುತ್ತದೆ.

ಇನ್ನೊಂದು ಗುಂಪಿದೆ, ಅವರಿಗೆ ವಿಜ್ಞಾನವೇ ಮೊದಲ ಆಯ್ಕೆ ಆಗಬೇಕು. ಊರಿನಲ್ಲಿ ಬಿ.ಎಸ್ಸಿ ಮಾಡಿ, ಇಲ್ಲಿಗೆ ಬಂದು, ನರ್ಸಿಂಗ್ ಅಥವಾ ಡೆಂಟಲ್ ಹೈಜೀನ್ ಕಡೆ ತಿರುಗಲು ಯೋಚಿಸುತ್ತಿರುವ ಹೆಣ್ಣುಮಕ್ಕಳು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಈ ಮೂರನ್ನೂ ಲ್ಯಾಬಿನ ಸಮೇತ ಕೇಳುವುದು ಸಾಮಾನ್ಯ. ಫುಟ್‌ಹಿಲ್ ಕಾಲೇಜಿನಲ್ಲಿ ಡೆಂಟಲ್ ಹೈಜೀನಿಗೆ ಬ್ಯಾಚುಲರ್ ಡಿಗ್ರಿಯೇ ಇದೆ. ನಿಮ್ಮ ಹಳೆಯ ಅಂಕಪಟ್ಟಿಯನ್ನು ಮೌಲ್ಯಮಾಪನಕ್ಕೆ ಕಳಿಸಿ, ಏನು ಉಳಿಯುತ್ತದೆ ನೋಡಿ, ಆಮೇಲೆ ಕ್ಲಾಸು ಆರಿಸಿ. ಅಂಥವರು ಈ ಹೊತ್ತಿಗೆ ಸಿರಾಮಿಕ್ಸ್ ಬೇಕಾ ಅಂತ ನನ್ನನ್ನು ಕೇಳಿದರೆ, ಮೊದಲು ಅನಾಟಮಿ ಮುಗಿಸಮ್ಮ ಅಂತಲೇ ಹೇಳುತ್ತೇನೆ.

ಕಲೆ: ಮಾಡುವ ಕ್ಲಾಸು ಬೇರೆ, ನೋಡುವ ಕ್ಲಾಸು ಬೇರೆ

ಕಲೆಯ ಕೋರ್ಸು ಅಂದಾಗ ಎರಡು ಬೇರೆ ವಸ್ತುಗಳಿವೆ. ಕೈಯಿಂದ ಮಾಡುವ ಸ್ಟುಡಿಯೋ ಕ್ಲಾಸು: ಡ್ರಾಯಿಂಗ್, ಸಿರಾಮಿಕ್ಸ್, ಫೋಟೋಗ್ರಫಿ, ಪಿಯಾನೋ. ಇನ್ನೊಂದು ಕಲೆಯನ್ನು ಓದುವ ಕ್ಲಾಸು: ಕಲಾ ಇತಿಹಾಸ, ಸಂಗೀತ ಪರಿಚಯ, ಸಿನಿಮಾ ಇತಿಹಾಸ. ಇವೆರಡನ್ನೂ ಒಂದೇ ಅಂದುಕೊಂಡು ಆರಿಸಿದರೆ ಪೆಟ್ಟು ಬೀಳುವುದು ಟ್ರಾನ್ಸ್‌ಫರ್ ಹೊತ್ತಿಗೆ, ಅಂದರೆ ಇಲ್ಲಿ ಓದಿ ಮುಂದಿನ ಡಿಗ್ರಿಗೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. 2025ರ ಫಾಲ್‌ನಿಂದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಕ್ಯಾಲ್ ಸ್ಟೇಟ್, ಈ ಎರಡೂ ಸರ್ಕಾರಿ ವಿಶ್ವವಿದ್ಯಾಲಯ ಜಾಲಗಳಿಗೂ ಹೊಂದುವ ಒಂದೇ ಸಾಮಾನ್ಯ ಶಿಕ್ಷಣದ ಪಟ್ಟಿ ಬಂದಿದೆ. ಅದನ್ನು ಕ್ಯಾಲ್-ಗೆಟ್ಸಿ ಅನ್ನುತ್ತಾರೆ. ಹನ್ನೊಂದು ಕೋರ್ಸು, ಕನಿಷ್ಠ 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಮತ್ತು ಮಾತುಗಾರಿಕೆ ಮೂರು, ಗಣಿತ ಒಂದು, ಕಲೆ-ಮಾನವಿಕ ಎರಡು, ಸಮಾಜ ವಿಜ್ಞಾನ ಎರಡು, ವಿಜ್ಞಾನ ಎರಡು ಮತ್ತು ಲ್ಯಾಬು, ಎತ್ನಿಕ್ ಸ್ಟಡೀಸ್ ಒಂದು. ಇದರ ಕಲೆಯ ಖಾನೆಗೆ ಬರೀ ಕೈಕೆಲಸದ ಸ್ಟುಡಿಯೋ ಕ್ಲಾಸು ಸಾಮಾನ್ಯವಾಗಿ ಹೊಂದುವುದಿಲ್ಲ. ಇತಿಹಾಸ, ಸಿದ್ಧಾಂತ, ವಿಮರ್ಶೆ ಮುಖ್ಯವಾಗಿರುವ ಕೋರ್ಸೇ ಬೇಕು. ಹಾಗಾಗಿ ಟ್ರಾನ್ಸ್‌ಫರ್ ಗುರಿ ಇರುವವರು ಕಲಾ ಇತಿಹಾಸ ತೆಗೆದುಕೊಳ್ಳಲಿ.

ಹೈಸ್ಕೂಲು ಮಕ್ಕಳಿಗೆ ಲೆಕ್ಕ ತಿರುಗುಮುರುಗು. ಯುಸಿಗೆ ಅರ್ಜಿ ಹಾಕಲು ಹೈಸ್ಕೂಲಿನಲ್ಲಿ ಒಂದು ವರ್ಷದ ಕಲೆಯ ವಿಷಯ ಬೇಕು. ಯುಸಿಗೆ ವರ್ಗಾವಣೆ ಆಗುವ ಮೂರು ಸೆಮಿಸ್ಟರ್ ಯೂನಿಟ್ಟಿನ ಅಥವಾ ನಾಲ್ಕು ಕ್ವಾರ್ಟರ್ ಯೂನಿಟ್ಟಿನ ಒಂದು ಕಾಲೇಜು ಕೋರ್ಸು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಇದಕ್ಕೆ ಸ್ಟುಡಿಯೋ ಕ್ಲಾಸೂ ಆಗುತ್ತದೆ. ಒಂದು ಬೇಸಿಗೆ ಸಿರಾಮಿಕ್ಸ್ ಮಾಡಿದರೆ ಹೈಸ್ಕೂಲಿನ ಒಂದು ಇಡೀ ವರ್ಷದ ಪೀರಿಯಡ್ ಖಾಲಿಯಾಗುತ್ತದೆ! ಇದು ಗೊತ್ತಾದ ದಿನ ಮಗಳ ಮುಖ ನೋಡಬೇಕಿತ್ತು. ಆದರೂ ಶಾಲೆಯ ಕೌನ್ಸೆಲರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಶಾಲೆಯ ಸ್ವಂತ ನಿಯಮ ಬೇರೆ ಇರಬಹುದು.

ಇನ್ನು ಸುಮ್ನೆ ಕಲಿಯುವ ಆಸೆಗೆ ಬರುವವರು. ನಾನು ಆ ಗುಂಪಿನವಳು. ಡ್ರಾಯಿಂಗ್ ಕ್ಲಾಸಿನ ಮೊದಲ ದಿನ ಮೂರು ಗಂಟೆ ಒಂದು ಕುರ್ಚಿಯನ್ನೇ ಬಿಡಿಸಿದೆವು. ಬಂದು ಎಂಟು ತಿಂಗಳಾಗಿತ್ತು. ಮನೆಯ ಹೊರಗೆ ಅಷ್ಟು ಹೊತ್ತು ನನ್ನ ಹೆಸರಿನಿಂದ ಜನ ನನ್ನನ್ನು ಕರೆದದ್ದು ಅದೇ ಮೊದಲು. ಅಲ್ಲಿವರೆಗೆ ನಾನು ಯಾರದೋ ಹೆಂಡತಿ, ಯಾವುದೋ ವೀಸಾದ ನಂಬರು. ಇಂಗ್ಲಿಷ್ ತಡವರಿಸುವವರಿಗೆ, ಒಂಟಿತನ ಕಾಡುವವರಿಗೆ ಸ್ಟುಡಿಯೋ ಕ್ಲಾಸಿಗಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಅಲ್ಲಿ ಮಾತು ಕಮ್ಮಿ, ಕೆಲಸ ಜಾಸ್ತಿ. ಪಕ್ಕದವರ ಹಾಳೆ ನೋಡಿ ಸ್ನೇಹ ಶುರುವಾಗುತ್ತದೆ.

ಒಂದು ಮಿತಿ ಇದೆ. ಪಾಸಾದ ಸ್ಟುಡಿಯೋ ಕ್ಲಾಸನ್ನೇ ಮತ್ತೆ ಮತ್ತೆ ತೆಗೆದುಕೊಳ್ಳುವ ಹಾಗಿಲ್ಲ. ಒಂದೇ ಬಗೆಯ ಕೋರ್ಸುಗಳ ಗುಂಪಿನಲ್ಲಿ ನಾಲ್ಕು ಸಲಕ್ಕೆ ಮುಗಿಯಿತು. ಆಮೇಲೂ ಚಕ್ರದ ಮುಂದೆ ಕೂರುವ ಆಸೆ ಇದ್ದರೆ ನಾನ್-ಕ್ರೆಡಿಟ್ (ಯೂನಿಟ್ ಸಿಗದ ಕ್ಲಾಸುಗಳ) ಪಟ್ಟಿ ನೋಡಿ. ಅದಕ್ಕೆ ಯೂನಿಟ್ ಶುಲ್ಕ ಇಲ್ಲ.

ಕಾಲೇಜು ಕಾಲೇಜಿಗೂ ಇಲ್ಲಿ ವ್ಯತ್ಯಾಸ ಇದೆ. ಅನಿಮೇಷನ್, ಸಿನಿಮಾ ತಯಾರಿಕೆ ಬೇಕಾದರೆ ಡಿ ಆನ್ಜಾ. ಸಂಗೀತದ ರೆಕಾರ್ಡಿಂಗ್, ತಂತ್ರಜ್ಞಾನ ಬೇಕಾದರೆ ಫುಟ್‌ಹಿಲ್. ಬಟ್ಟೆ ವಿನ್ಯಾಸಕ್ಕೆ ವೆಸ್ಟ್ ವ್ಯಾಲಿ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿಗೆ ಸೇರದಿದ್ದರೂ ಅದರ ಒಂದು ಆಸ್ತಿಯ ಬಗ್ಗೆ ತಿಳಿದಿರಲಿ. ಡಿಯೇಗೋ ರಿವೇರಾ 1940ರಲ್ಲಿ ಗೋಲ್ಡನ್ ಗೇಟ್ ಪ್ರದರ್ಶನಕ್ಕೆ ಜನರ ಎದುರೇ ಬಿಡಿಸಿದ ದೊಡ್ಡ ಭಿತ್ತಿಚಿತ್ರ ಆ ಕಾಲೇಜಿನದು.

ಎತ್ನಿಕ್ ಸ್ಟಡೀಸ್: ಎಲೆಯ ತುದಿಯ ಉಪ್ಪಿನಕಾಯಿ ಅಲ್ಲ

ಈ ಭಾಗ ಉದ್ದ ಆಗುತ್ತದೆ. ಯಾಕೆಂದರೆ ನಮ್ಮವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಇದನ್ನು ಹೇಗೋ ಒಂದು ಮುಗಿಸಿಬಿಡುವ ಕೋರ್ಸು ಅಂದುಕೊಳ್ಳುತ್ತಾರೆ.

ಈ ವಿಷಯ ಹುಟ್ಟಿದ್ದೇ ನಮ್ಮ ಪಕ್ಕದಲ್ಲಿ. 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮುಷ್ಕರ ಶುರು ಮಾಡಿದರು. ಕಪ್ಪು ವಿದ್ಯಾರ್ಥಿಗಳ ಸಂಘ ಮುಂದಿತ್ತು. ಜೊತೆಗೆ ಚೀನೀ, ಫಿಲಿಪಿನೋ, ಜಪಾನೀ, ಮೆಕ್ಸಿಕನ್, ಮೂಲನಿವಾಸಿ ವಿದ್ಯಾರ್ಥಿಗಳು ಥರ್ಡ್ ವರ್ಲ್ಡ್ ಲಿಬರೇಷನ್ ಫ್ರಂಟ್ ಅಂತ ಒಂದಾದರು. ನಮ್ಮ ಜನರ ಚರಿತ್ರೆ ಪಾಠದಲ್ಲಿ ಯಾಕಿಲ್ಲ ಅನ್ನುವುದು ಅವರ ಕೇಳಿಕೆ. ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು. ಪೊಲೀಸರ ಲಾಠಿ, ಬಂಧನ ಎಲ್ಲ ಆಯಿತು. ಕೊನೆಗೆ ಅಲ್ಲಿ ಎತ್ನಿಕ್ ಸ್ಟಡೀಸಿಗೇ ಒಂದು ಪ್ರತ್ಯೇಕ ಕಾಲೇಜು ಬಂತು. 2020ರ ಆಗಸ್ಟಿನಲ್ಲಿ ಎಬಿ 1460 ಅನ್ನುವ ರಾಜ್ಯದ ಮಸೂದೆ ಕಾನೂನಾಗಿ, ಕ್ಯಾಲ್ ಸ್ಟೇಟಿನಲ್ಲಿ ಪದವಿ ಪಡೆಯುವವರೆಲ್ಲ ಈ ವಿಷಯದ ಒಂದು ಕೋರ್ಸು ಮಾಡಲೇಬೇಕು ಎಂದಾಯಿತು. ಈಗ ಕ್ಯಾಲ್-ಗೆಟ್ಸಿಯಲ್ಲಿ ಅದಕ್ಕೇ ಆರನೇ ಖಾನೆ.

ಅದರಲ್ಲಿ ನಾಲ್ಕು ಕವಲು. ಮೂಲನಿವಾಸಿಗಳು, ಆಫ್ರಿಕನ್ ಅಮೆರಿಕನ್ನರು, ಏಷ್ಯನ್ ಅಮೆರಿಕನ್ನರು, ಚಿಕಾನೋ-ಲ್ಯಾಟಿನೋ (ಮೆಕ್ಸಿಕೋ, ಲ್ಯಾಟಿನ್ ಅಮೆರಿಕ ಮೂಲದ) ಜನ. ಖಾನೆ ತುಂಬಲು ಕೋರ್ಸಿನ ಸಂಕೇತವೇ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ವಿಭಾಗದ್ದೋ ಎತ್ನಿಕ್ ಸ್ಟಡೀಸಿನದೋ ಆಗಿರಬೇಕು. ಸ್ನೇಹಿತೆಯ ಮಗಳು ಜನಾಂಗ ಮತ್ತು ಸಮಾಜ ಅನ್ನುವ ಸಮಾಜಶಾಸ್ತ್ರದ ಕ್ಲಾಸು ಮಾಡಿದಳು. ವಿಷಯ ಒಂದೇ, ಎ ಗ್ರೇಡೂ ಬಂತು. ಆದರೆ ಸಂಕೇತ ಸೋಷಿಯಾಲಜಿಯದು, ಆರನೇ ಖಾನೆಗೆ ಬರಲಿಲ್ಲ. ಕೊನೆಯ ಟರ್ಮ್‌ನಲ್ಲಿ ಇನ್ನೊಂದು ಕೋರ್ಸು ಹುಡುಕಿ ಓಡಾಡಿದಳು. ಹೆಸರು ನೋಡಿ ಮೋಸ ಹೋಗಬೇಡಿ, ಕಾಲೇಜಿನ ಕ್ಯಾಲ್-ಗೆಟ್ಸಿ ಪಟ್ಟಿಯಲ್ಲಿ ಆರನೇ ಖಾನೆ ತೆರೆದು ನೋಡಿ.

ನಾಲ್ಕರಲ್ಲಿ ಯಾವುದು? ನಮ್ಮ ಮಕ್ಕಳಿಗೆ ಮೊದಲು ಏಷ್ಯನ್ ಅಮೆರಿಕನ್ ಅಂತ ನಾನು ಹೇಳುತ್ತೇನೆ. ಕಾರಣ ಇದೆ. ನಾವೆಲ್ಲ ಕಷ್ಟಪಟ್ಟು ಓದಿ ಬಂದೆವು, ಅದಕ್ಕೇ ಇಲ್ಲಿದ್ದೇವೆ ಅನ್ನುವುದು ನಮ್ಮ ಮನೆಗಳ ಕತೆ. ಅದು ಅರ್ಧ ಕತೆ. 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಭೂ ಕಾನೂನು ತಂತು. ಪೌರತ್ವ ಪಡೆಯಲು ಅರ್ಹರಲ್ಲದವರು ಹೊಲ ಕೊಳ್ಳುವಂತಿಲ್ಲ ಎಂದಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರಿಂದ ಅದನ್ನು ಕಿತ್ತುಕೊಂಡರು. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ವರ್ಷಕ್ಕೆ ನೂರು ಜನ ಭಾರತೀಯರಿಗೆ. ಹತ್ತು ವರ್ಷ ಕಳೆದು 1956ರಲ್ಲಿ ಇದೇ ಕ್ಯಾಲಿಫೋರ್ನಿಯಾದಿಂದ ದಲೀಪ್ ಸಿಂಗ್ ಸೌಂದ್ ಕಾಂಗ್ರೆಸ್ಸಿಗೆ ಆರಿಸಿ ಹೋದರು. 1965ರ ವಲಸೆ ಕಾನೂನು ಬಂದ ಮೇಲೆಯೇ ಊರಿನ ಡಾಕ್ಟರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾಯಿತು. ಆ ಕಾನೂನಿಗೆ ನೆಲ ಹದ ಮಾಡಿದ್ದು ಕಪ್ಪು ಜನರ ನಾಗರಿಕ ಹಕ್ಕಿನ ಹೋರಾಟ. ನಮ್ಮ ಮೈಸೂರು, ಮಂಗಳೂರಿನ ಅಂಕಪಟ್ಟಿಗೆ ಬೆಲೆ ಬಂದದ್ದು ಆ ಬಾಗಿಲು ತೆರೆದ ಮೇಲೆ.

ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ನಮಗೆಲ್ಲ ಒಂದು ದೇಶಕ್ಕೆ 7% ಅನ್ನುವ ಮಿತಿ ಗೊತ್ತು. ಅದು 1990ರ ಕಾನೂನಿನದು. ಅದಕ್ಕೂ ಹಿಂದೆ ಇಂಥ ಎಷ್ಟು ಗೋಡೆ ಕಟ್ಟಿದರು, ಎಷ್ಟು ಕೆಡವಿದರು ಅನ್ನುವುದು ನನಗೆ ಗೊತ್ತಾದದ್ದು ಈ ಕ್ಲಾಸಿನಲ್ಲೇ. ಇಪ್ಪತ್ತೊಂದು ತುಂಬಿದರೆ ಮಕ್ಕಳ ಎಚ್-4 ಮುಗಿಯುತ್ತದೆ ಎನ್ನುವ ಚಿಂತೆ ಇರುವ ಮನೆಯಲ್ಲಿ, ಆ ಮಗುವಿಗೆ ಈ ಚರಿತ್ರೆ ತಿಳಿದಿರಬೇಕು ಅಲ್ವಾ?

ಜಾಗಗಳೂ ಹತ್ತಿರದವೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ವಲಸೆ ಬಂದವರನ್ನು ತಡೆದು ವಿಚಾರಿಸುತ್ತಿದ್ದರು. ಗೋಡೆಗಳ ಮೇಲೆ ಚೀನೀಯರು ಕೊರೆದ ಕವಿತೆ ಈಗಲೂ ಇದೆ. ಪಂಜಾಬಿನಿಂದ ಬಂದವರೂ ಅಲ್ಲಿ ಕಾದಿದ್ದಾರೆ. 1942ರಲ್ಲಿ ಸುಮಾರು 1,20,000 ಜಪಾನೀ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ರೇಸ್ ಮೈದಾನದಲ್ಲಿ ಕುದುರೆ ಕಟ್ಟುವ ಜಾಗದಲ್ಲಿ ಸಂಸಾರಗಳನ್ನು ಇಟ್ಟಿದ್ದರು. ನಾವು ವಿಮಾನ ನಿಲ್ದಾಣಕ್ಕೆ ಅಪ್ಪ ಅಮ್ಮನನ್ನು ಕರೆತರಲು ಹೋಗುವ ದಾರಿ ಅದರ ಪಕ್ಕದಲ್ಲೇ.

ಉಳಿದ ಮೂರು ಕವಲು ಕಮ್ಮಿ ಅಂತ ಅಲ್ಲ. ಓಕ್ಲೆಂಡಿನ ಮೆರಿಟ್ ಕಾಲೇಜು, ಅದೂ ಕಮ್ಯುನಿಟಿ ಕಾಲೇಜೇ. ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಅಲ್ಲಿ ಓದಿದವರು. 1966ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಹೊಲದ ಕೂಲಿಗಳ ನಾಯಕ ಸೀಸರ್ ಚಾವೆಜ್ ಪೂರ್ವ ಸ್ಯಾನ್ ಹೋಸೆಯಲ್ಲಿ ವಾಸವಿದ್ದವರು. 1965ರ ಡೆಲಾನೋ ದ್ರಾಕ್ಷಿ ಮುಷ್ಕರವನ್ನು ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳತ್ವದಲ್ಲಿ ಫಿಲಿಪಿನೋ ಕೂಲಿಗಳು ಶುರು ಮಾಡಿದರು, ಎಂಟು ದಿನದಲ್ಲಿ ಚಾವೆಜ್ ಅವರ ಸಂಘ ಕೂಡಿಕೊಂಡಿತು. ಒಲೋನಿ ಅನ್ನುವುದು ಫ್ರೀಮಾಂಟಿನವರಿಗೆ ಕಾಲೇಜಿನ ಹೆಸರು. ಅದು ಈ ನೆಲದ ಮೂಲ ಜನರ ಹೆಸರು. ಆ ಕಾಲೇಜಿನ ಹತ್ತಿರವೇ 1797ರಲ್ಲಿ ಶುರುವಾದ ಮಿಷನ್ ಸ್ಯಾನ್ ಹೋಸೆ ಚರ್ಚು ಇದೆ. ಆ ಚರ್ಚು ಆ ಜನಕ್ಕೆ ಏನು ಮಾಡಿತು ಅನ್ನುವುದನ್ನು ಅಲ್ಲೇ ಕೂತು ಓದುವುದು ಬೇರೆಯೇ ಅನುಭವ. ಮನೆಯಲ್ಲಿ ಏಷ್ಯನ್ ಅಮೆರಿಕನ್ ಚರಿತ್ರೆ ಆಗಲೇ ಮಾತಿಗೆ ಬರುತ್ತಿದ್ದರೆ, ಮೂಲನಿವಾಸಿಗಳ ಕೋರ್ಸು ಆರಿಸಿ.

"ಇದೆಲ್ಲ ರಾಜಕೀಯ ಅಲ್ವಾ?" ಅಂತ ತಂದೆತಾಯಿಯರು ನನ್ನನ್ನು ಕೇಳಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸಿಲಬಸ್ ತರಿಸಿ ಓದಿ. ಯಾವ ಪುಸ್ತಕ, ಯಾವ ಮೂಲ ದಾಖಲೆ, ಎಷ್ಟು ಬರವಣಿಗೆ ಅಂತ ಅದರಲ್ಲಿ ಇರುತ್ತದೆ. ಒಳ್ಳೆಯ ಮೇಷ್ಟ್ರು ತೀರ್ಪುಗಳನ್ನೇ, ಕಾಗದಗಳನ್ನೇ ಓದಿಸುತ್ತಾರೆ. ಜಾತಿಯ ಮಾತೂ ಬರಬಹುದು. ಕ್ಯಾಲ್ ಸ್ಟೇಟ್ 2022ರಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು. 2023ರಲ್ಲಿ ಜಾತಿ ತಾರತಮ್ಯದ ವಿರುದ್ಧದ ರಾಜ್ಯದ ಮಸೂದೆಯೊಂದನ್ನು ಗವರ್ನರ್ ವೀಟೋ ಮಾಡಿದರು. ಮಗು ಮನೆಗೆ ಬಂದು ನಮ್ಮದು ಯಾವ ಜಾತಿ, ಅದರಿಂದ ನಮಗೆ ಏನು ಸಿಕ್ಕಿತು ಅಂತ ಕೇಳಿದರೆ ಗಾಬರಿ ಬೇಡ. ಬಸವಣ್ಣನ ನಾಡಿನಿಂದ ಬಂದ ನಮಗೆ ಆ ಪ್ರಶ್ನೆ ಹೊಸದಲ್ಲ. ಕೂತು ಮಾತಾಡಿ.

ಈ ಕ್ಲಾಸಿನಲ್ಲಿ ಓದು ಬರಹ ಜಾಸ್ತಿ. ವಾರಕ್ಕೆ ನೂರು ಪುಟದ ಹತ್ತಿರ ಓದಿದ ವಾರಗಳಿವೆ. ಸುಲಭದ ಎ ಬರುತ್ತದೆ ಅಂತ ಸೇರಬೇಡಿ.

ಹಾಗಾದರೆ ನೀವು ಯಾವುದು?

ಹೈಸ್ಕೂಲು ಮಗು, ಒಂದೇ ಕ್ಲಾಸಿಗೆ ಸಮಯ: ಎತ್ನಿಕ್ ಸ್ಟಡೀಸ್ ಮೊದಲು, ಬೇಸಿಗೆಗೆ ಕಲೆ. ಕೆಮಿಸ್ಟ್ರಿ, ಕ್ಯಾಲ್ಕುಲಸ್ ಹೈಸ್ಕೂಲಿನಲ್ಲೇ ಎಪಿ (ಕಾಲೇಜು ಮಟ್ಟದ ಕೋರ್ಸು) ರೂಪದಲ್ಲಿ ಸಿಗುತ್ತವೆ. ಶಾಲೆಯಲ್ಲಿ ಸಿಗದ ಮೇಲ್ಮಟ್ಟದ ಗಣಿತ ಬೇಕಾದ ಮಗುವಾದರೆ ಮಾತು ಬೇರೆ, ಆಗ ಅದೇ ಸರಿ.

ಟ್ರಾನ್ಸ್‌ಫರ್ ಗುರಿ ಇರುವವರು ಮೊದಲು ಅಸಿಸ್ಟ್ ಡಾಟ್ ಆರ್ಗ್ ತೆರೆಯಿರಿ. ನಿಮ್ಮ ಕಾಲೇಜಿನ ಯಾವ ಕೋರ್ಸು ಯಾವ ಯುಸಿಯ, ಕ್ಯಾಲ್ ಸ್ಟೇಟಿನ ಯಾವ ಕೋರ್ಸಿಗೆ ಸಮ ಅಂತ ಅಲ್ಲಿ ಇದೆ. ಬಹುಪಾಲು ಖಾಸಗಿ ವಿಶ್ವವಿದ್ಯಾಲಯಗಳು ಅದರಲ್ಲಿಲ್ಲ. ಎಂಜಿನಿಯರಿಂಗ್ ಕಡೆಯವರು ಮೇಜರಿಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಬೇಕಾದ ಗಣಿತ, ಫಿಸಿಕ್ಸನ್ನೇ ಮುಂದಿಡಿ, ಕ್ಯಾಲ್-ಗೆಟ್ಸಿ ಪೂರ್ತಿ ಮುಗಿಸಲು ಹೋಗಿ ಅವನ್ನು ಹಿಂದೆ ಹಾಕಬೇಡಿ. ಉಳಿದ ಮೇಜರಿನವರು ಮೊದಲ ವರ್ಷದಲ್ಲೇ ಆರನೇ ಖಾನೆ ತುಂಬಿಸಿಕೊಳ್ಳಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯುಸಿಗಳು ಷರತ್ತು ಪೂರೈಸಿದವರಿಗೆ ಸೀಟಿನ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕೊಡುವುದಿಲ್ಲ. ಇನ್ನೊಂದು, 2025ರ ಫಾಲ್‌ನಿಂದ ಕೆಲವು ಕೋರ್ಸುಗಳಿಗೆ ರಾಜ್ಯದ ಎಲ್ಲ ಕಾಲೇಜಿನಲ್ಲೂ ಒಂದೇ ನಂಬರು ಬಂದಿದೆ. ಮೊದಲ ಇಂಗ್ಲಿಷ್ ಕೋರ್ಸು ಈಗ ಸಿ1000. ಹಳೆಯ ಅಕ್ಕ ಅಣ್ಣಂದಿರು ಹೇಳುವ 1ಎ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ.

ಎಚ್-4ನಲ್ಲಿ ಹೊಸದಾಗಿ ಬಂದವರು ಸ್ಟುಡಿಯೋ ಕ್ಲಾಸಿನಿಂದ ಶುರು ಮಾಡಿ. ಎರಡನೇ ಟರ್ಮ್‌ಗೆ ಎತ್ನಿಕ್ ಸ್ಟಡೀಸ್. ಉದ್ಯೋಗದ ಗುರಿ ಸ್ಪಷ್ಟ ಇದ್ದರೆ ನೇರವಾಗಿ ವಿಜ್ಞಾನಕ್ಕೆ.

ಸೇರುವ ಮೊದಲು ತಂದೆತಾಯಿಯರಿಗೆ ಒಂದು ಮಾತು. ಹದಿನಾರರ ಮಗು ಕಾಲೇಜು ಕ್ಲಾಸಿಗೆ ಸೇರಿದ ಮೇಲೆ ಅಲ್ಲಿನ ದಾಖಲೆ ಮಗುವಿನದು. ನೀವು ಫೋನ್ ಮಾಡಿ ಅಂಕ ಕೇಳಿದರೆ ಕಾಲೇಜು ಹೇಳುವುದಿಲ್ಲ. ಆ ಗ್ರೇಡು ಶಾಶ್ವತ, ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ತೋರಿಸಬೇಕು. ಹಾಗಾಗಿ ಎರಡು ದಿನಾಂಕ ಫ್ರಿಜ್ಜಿನ ಮೇಲೆ ಅಂಟಿಸಿ: ದಾಖಲೆಯಲ್ಲಿ ಗುರುತೇ ಉಳಿಯದಂತೆ ಕ್ಲಾಸು ಬಿಡುವ ಕೊನೆಯ ದಿನ, ಮತ್ತು ಡಬ್ಲ್ಯೂ (ಮಧ್ಯದಲ್ಲಿ ಬಿಟ್ಟರು ಅನ್ನುವ ಗುರುತು) ತೆಗೆದುಕೊಂಡು ಬಿಡುವ ಕೊನೆಯ ದಿನ. ಕ್ವಾರ್ಟರಿನಲ್ಲಿ ಇವೆರಡೂ ಬೇಗ ಬರುತ್ತವೆ. ಸೀಟು ತುಂಬಿದ್ದರೆ ವೇಯ್ಟ್‌ಲಿಸ್ಟಿಗೆ ಸೇರಿ, ಮೊದಲ ದಿನ ಕ್ಲಾಸಿಗೆ ಹೋಗಿ ಕೂತುಕೊಳ್ಳಿ. ಮೊದಲ ವಾರದಲ್ಲಿ ಎಷ್ಟೋ ಜನ ಬಿಡುತ್ತಾರೆ.

ಮಗಳು ಕೊನೆಗೆ ಏಷ್ಯನ್ ಅಮೆರಿಕನ್ ಸ್ಟಡೀಸಿಗೆ ಸೇರಿದಳು. ಕೊನೆಯ ಅಸೈನ್‌ಮೆಂಟು ಮನೆಯ ಒಬ್ಬರ ವಲಸೆಯ ಕತೆ ಬರೆಯುವುದು. ಅವಳು ಅಪ್ಪನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಒಂದೂವರೆ ಗಂಟೆ ಪ್ರಶ್ನೆ ಕೇಳಿದಳು. ಅವರು ಮೊದಲ ಸಲ ಹೊರಟಾಗ ಅಜ್ಜ ಸಾಲ ಮಾಡಿ ಟಿಕೆಟ್ ಕೊಟ್ಟದ್ದು, ಆ ಸಾಲ ತೀರಿಸುವ ಮೊದಲೇ ಅಜ್ಜ ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಿಂದ ಜೊತೆಗಿದ್ದ ನನಗೂ ಪೂರ್ತಿ ಗೊತ್ತಿರಲಿಲ್ಲ. ಸಿರಾಮಿಕ್ಸಿಗೆ ಈ ಬೇಸಿಗೆ ವೇಯ್ಟ್‌ಲಿಸ್ಟಿನಲ್ಲಿ ನಾಲ್ಕನೆಯವಳು. ಮೊದಲ ದಿನ ಹೋಗಿ ಕೂರುತ್ತಾಳೆ.